ಅವ್ವನ ಕಿಟಕಿಗೆ ಎರಡು ಬೆರಳು ಜಾಸ್ತಿ

ಊರಿಗೆಲ್ಲ ಅಳತೆ ಹೇಳುವವನು ತನ್ನ ಮನೆಯ ಕಿಟಕಿ ಅಳೆಯಲು ಹೋಗಬಾರದು. ಇದು ಹಿರಿಯರು ಹೇಳಿದ ಮಾತಲ್ಲ. ನಮ್ಮ ಮನೆಯ ಮುಂದಿನ ಗೋಡೆಯಲ್ಲಿ ಈಗಲೂ ಇರುವ ನಿಂಬೆಹಣ್ಣಿನ ಗಾತ್ರದ ಎರಡು ತೂತುಗಳನ್ನು ಸಾಕ್ಷಿಗಿಟ್ಟುಕೊಂಡು ನಾನೇ ಹೇಳುತ್ತಿರುವ ಮಾತು. ಒಂದು ತೂತಿನ ಮೇಲೆ ನನ್ನ ಹೆಂಡತಿ ಸರಸ ಕ್ಯಾಲೆಂಡರ್ ನೇತುಹಾಕಿದ್ದಾಳೆ. ಇನ್ನೊಂದನ್ನು ಬೇಕೆಂದೇ ಹಾಗೇ ಬಿಟ್ಟಿದ್ದಾಳೆ. ಮನೆಗೆ ಬಂದವರು "ಇದೇನಿದು?" ಎಂದು ಕೇಳಬೇಕು, ಅವಳು "ಅವ್ರನ್ನೇ ಕೇಳಿ" ಎನ್ನಬೇಕು, ನಾನು ಕಾಫಿಯಲ್ಲಿ ಮುಳುಗಿರುವಂತೆ ನಟಿಸಬೇಕು. ಬಂದವರಿಗೆ ನಮ್ಮ ಮನೆಯಲ್ಲಿ ಈಚೆಗೆ ಇದೇ ಉಪಚಾರ.

ನನ್ನ ಕಸುಬು ಹೇಳಿದರೆ ನನ್ನ ಸಂಕಟ ನಿಮಗೆ ಇನ್ನೂ ಚೆನ್ನಾಗಿ ಅರ್ಥವಾದೀತು. ಸೇಲಂನ ನೇಕಾರರ ಸಂಘವೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಸೀರೆ ಅಳೆಯುವವನು ನಾನು. ನೇಯ್ದವರು ತಂದು ಮೇಜಿನ ಮೇಲಿಡುತ್ತಾರೆ. ನಾನು ಉದ್ದ ಅಳೆದು, ಅಗಲ ಅಳೆದು, ಒಂದು ಇಂಚು ಕಮ್ಮಿ ಕಂಡರೂ ಮೂಗು ಮುರಿದು ವಾಪಸ್ ತಳ್ಳುತ್ತೇನೆ. "ಒರು ಇಂಚುದಾನೇ ಸಾರ್, ವಿಡುಂಗ" ಎಂದು ಅವರು ಗೋಗರೆಯುತ್ತಾರೆ. ನಾನು ಬಿಡುವುದಿಲ್ಲ. ಬೆನ್ನ ಹಿಂದೆ ಅವರು ನನ್ನನ್ನು "ಇಂಚು ಸಾರ್" ಅನ್ನುತ್ತಾರೆ. ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾರೆ. ಗೊತ್ತು. ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತೇನೆ. ಮನುಷ್ಯನಿಗೆ ಯಾವುದಾದರೂ ಒಂದರಲ್ಲಿ ಹೆಸರು ಬರಬೇಕು, ನನಗೆ ಇಂಚಿನಲ್ಲಿ ಬಂದಿದೆ.

ನಮ್ಮದು ಸೇಲಂನ ಹಳೇ ಬೀದಿಯೊಂದರ ಹಳೇ ಮನೆ. ಮನೆಯೊಳಗೆ ಕನ್ನಡ ಆಡುತ್ತೇವೆ, ತಮಿಳಿನಲ್ಲಿ ಎಣಿಸುತ್ತೇವೆ, ಬಯ್ಯುವುದಕ್ಕೆ ಎರಡನ್ನೂ ಬಳಸುತ್ತೇವೆ. ಮುಂದಿನ ಪಡಸಾಲೆಯಲ್ಲಿ ಅಪ್ಪನ ಕಾಲಕ್ಕೆ ಎರಡು ಗುಂಡಿಮಗ್ಗ ಇದ್ದವು. ಮಗ್ಗಕ್ಕೆ ಬೆಳಕು ಬೇಕೆಂದು ಪಡುವಣಕ್ಕೆ ದೊಡ್ಡ ಕಿಟಕಿ ಇಡಿಸಿದ್ದರು. ಅಪ್ಪ ಹೋದರು, ಮಗ್ಗಗಳೂ ಹೋದವು, ಗುಂಡಿಗಳನ್ನು ಮುಚ್ಚಿ ಟೈಲ್ಸ್ ಹಾಕಿಸಿದೆವು. ಆದರೆ ಆ ಕಿಟಕಿಯ ಪಕ್ಕ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದ ಅವ್ವ ಮಾತ್ರ ಜಾಗ ಬಿಡಲಿಲ್ಲ. ರಾಟೆ ಹೋಗಿ ಕುರ್ಚಿ ಬಂತು, ಅಷ್ಟೇ ವ್ಯತ್ಯಾಸ. ಎಪ್ಪತ್ತೆಂಟರ ಅವ್ವನಿಗೆ ಆ ಕಿಟಕಿಯೇ ಪೇಪರು, ಟೀವಿ, ನೆಂಟರ ಮನೆ. ಯಾರ ಮನೆಗೆ ಗ್ಯಾಸು ಬಂತು, ಯಾರ ಮಗಳು ಹೊಸ ಸ್ಕೂಟಿ ತಗೊಂಡಳು, ಹೂ ಮಾರುವವಳು ಇವತ್ತು ಯಾಕೆ ಸಪ್ಪಗಿದ್ದಾಳೆ, ಎಲ್ಲ ಅವಳಿಗೆ ಸರಳುಗಳ ನಡುವಿನಿಂದಲೇ ತಿಳಿಯಬೇಕು.

ಇನ್ನು ನನ್ನ ಸುಖ ಒಂದಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಐದೂವರೆಗೆ ಬಸ್ಸಿಳಿದು ಮನೆಗೆ ಬಂದು ಚಪ್ಪಲಿ ಬಿಟ್ಟರೆ, ನನ್ನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಹೊಗೆಯಾಡುವ ಕಾಫಿ ಇರುತ್ತದೆ. ಏರ್ಕಾಡಿನಿಂದ ಇಳಿದು ಬಂದ ಬೀಜ, ನಮ್ಮ ಬೀದಿಯಲ್ಲೇ ಪುಡಿ ಮಾಡಿದ್ದು. ಇಪ್ಪತ್ತೆಂಟು ವರ್ಷದಲ್ಲಿ ಅದು ಒಂದು ದಿನ ಮುಂಚೆ ಬಂದು ಆರಿದ್ದಿಲ್ಲ, ತಡವಾಗಿ ಬಂದು ಕಾಯಿಸಿದ್ದಿಲ್ಲ. ಬಸ್ಸು ಬೇಗ ಬಂದ ದಿನವೂ ಬಿಸಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ದಿನವೂ ಬಿಸಿ. ಇದು ಹೇಗೆ ಸಾಧ್ಯ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಸರಿಯಾಗಿ ನಡೆಯುತ್ತಿರುವ ಕೆಲಸಕ್ಕೆ ಕಾರಣ ಕೇಳುವ ಅಭ್ಯಾಸ ನಮ್ಮ ವಂಶದಲ್ಲಿಲ್ಲ.

ಹೀಗಿರುವಾಗ ಅವ್ವನ ಕಣ್ಣಿಗೆ ಪೊರೆ ಬಂತು, ಆಪರೇಷನ್ ಆಯಿತು. ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, "ಸ್ವಲ್ಪ ದಿನ ಬಿಸಿಲು ಕಣ್ಣಿಗೆ ನೇರವಾಗಿ ಬೀಳದಂತೆ ನೋಡಿಕೊಳ್ಳಿ" ಎಂದರು. ಅವ್ವ ಕನ್ನಡಕವನ್ನು ಒಂದು ಸಲ ಹಾಕಿಕೊಂಡು, "ಇದ್ಯಾಕ್ಲಾ, ಮೋಡ ಮುಚ್ಕಂಡಂಗೈತೆ. ಕಣ್ಣು ಕಾಣ್ಲಿ ಅಂತ ತಾನೇ ಕುಯ್ಸಿದ್ದು?" ಎಂದು ಕಳಚಿ ದೇವರ ಗೂಡಿನ ಪಕ್ಕ ಇಟ್ಟಳು. ಅದು ಅಲ್ಲೇ ಉಳಿಯಿತು. ಅವಳು ಎಂದಿನಂತೆ ಪಡುವಣದ ಕಿಟಕಿಗೆ ಮುಖ ಕೊಟ್ಟು ಕೂತಳು. ಸೇಲಂನ ಸಂಜೆ ಬಿಸಿಲು ಎಂಥದೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಹೊಸ ಕಣ್ಣು, ನೇರ ಬಿಸಿಲು. ಕಿಟಕಿಗೆ ಒಂದು ಮರೆ ಹಾಕಿಸಲೇಬೇಕು ಎಂದು ತೀರ್ಮಾನಿಸಿದೆ.

"ಹಳೇ ಸೀರೆ ಕಟ್ಟಿದ್ರಾಯ್ತು" ಎಂದಳು ಸರಸ. ಆದರೆ ನನ್ನ ಸಂಘದ ಮ್ಯಾನೇಜರ ಕೋಣೆಯಲ್ಲಿ ಒಂದು ಸಾಧನ ನೋಡಿದ್ದೆ. ಬಟ್ಟೆ ಮೇಲೆ ಸುರುಳಿಯಾಗಿ ಕೂತಿರುತ್ತದೆ, ಪಕ್ಕದ ಮಣಿಸರ ಎಳೆದರೆ ಗಂಭೀರವಾಗಿ ಇಳಿಯುತ್ತದೆ. ಅಂಗಡಿಯವರು ಅದಕ್ಕೆ ಬ್ಲೈಂಡ್ ಅನ್ನುತ್ತಾರೆ, ಸರಸ ಸ್ಕ್ರೀನ್ ಅನ್ನುತ್ತಾಳೆ, ಅವ್ವ ಇವತ್ತಿಗೂ "ಆ ಸುರುಳಿ" ಅನ್ನುತ್ತಾಳೆ. "ಅತ್ತೆಗೆ ಇರೋದು ಅದೊಂದ್ ಕಿಟ್ಕಿ. ಅದನ್ನೂ ಮುಚ್ಬಿಟ್ರೆ ಅವ್ರೇನ್ ನೋಡ್ಬೇಕು?" ಎಂದು ಸರಸ ಮತ್ತೆ ತೆಗೆದಳು. "ಮುಚ್ಚೋದಲ್ಲ ಕಣೇ, ಬೇಕಾದಾಗ ಎತ್ಕೋಬಹುದು" ಎಂದೆ. ಆ ಮಾತು ಹೇಳಿದ್ದಕ್ಕೆ ಆಮೇಲೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ.

ಈಗ ನಮ್ಮ ಮನೆತನದ ಒಂದು ಗುಟ್ಟು ಹೇಳಬೇಕು. ಮಗ್ಗದಿಂದ ಇಳಿದ ಬಟ್ಟೆ ಕುಗ್ಗುತ್ತದೆ. ಬಿಗಿಯಾಗಿ ಎಳೆದು ಕಟ್ಟಿದ ನೂಲು ಕೆಳಗಿಳಿದೊಡನೆ ಉಸಿರು ಬಿಟ್ಟು ಹತ್ತಿರ ಸರಿದುಕೊಳ್ಳುತ್ತದೆ, ಮೊದಲ ಒಗೆತಕ್ಕೆ ಇನ್ನಷ್ಟು. ಆದ್ದರಿಂದ "ಕೇಳಿದ್ದಕ್ಕಿಂತ ಎರಡು ಬೆರಳು ಜಾಸ್ತಿ ಇಡು" ಎಂಬುದು ಅಪ್ಪ ನನಗೆ ಅಕ್ಷರಕ್ಕೂ ಮೊದಲು ಕಲಿಸಿದ ಪಾಠ. ನಮ್ಮಲ್ಲಿ ಬಟ್ಟೆ ಎಂದರೆ ಎರಡು ಬೆರಳು ಜಾಸ್ತಿ. ದಿಂಬಿನ ಚೀಲ ದಿಂಬಿಗಿಂತ ದೊಡ್ಡದು, ನನ್ನ ಶಾಲೆಯ ಚಡ್ಡಿ ನನಗಿಂತ ದೊಡ್ಡದು. ನನ್ನ ಮದುವೆಯ ಶರ್ಟಿನ ತೋಳು ಬೆರಳ ತುದಿಯವರೆಗೆ ಬಂದು, ಧಾರೆಯ ಹೊತ್ತಿನಲ್ಲಿ ಪುರೋಹಿತರು ಕೈ ಹುಡುಕಬೇಕಾಯಿತು. ಆ ಶರ್ಟು ನಿಜವಾಗಿಯೂ ಕುಗ್ಗಿತು, ಆದರೆ ಅಷ್ಟು ಹೊತ್ತಿಗೆ ನಾನು ಹಿಗ್ಗಿದ್ದೆ. ಅದು ಬೇರೆ ವಿಷಯ.

ಭಾನುವಾರ ಟೇಪು ಹಿಡಿದು ಕಿಟಕಿ ಅಳೆದೆ. ಮೂರು ಸಲ ಅಳೆದೆ, ಮೂರು ಸಲವೂ ಒಂದೇ ಬಂತು. ಇಪ್ಪತ್ತೆಂಟು ವರ್ಷದ ಕೈ. ಆಮೇಲೆ ಯಾರೂ ಹೇಳದೆ, ಉಸಿರಾಡಿದಷ್ಟು ಸಹಜವಾಗಿ, ಅಗಲಕ್ಕೆ ಆ ಕಡೆ ಎರಡು ಬೆರಳು, ಈ ಕಡೆ ಎರಡು ಬೆರಳು ಸೇರಿಸಿದೆ. ಉದ್ದಕ್ಕೆ ಅರ್ಧ ಮೊಳ ಬಿಟ್ಟೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ಚೀಟಿ ಕೊಟ್ಟೆ. ಅಂಗಡಿಯಾತ ಚೀಟಿ ನೋಡಿ, "ಸಾರ್, ಫ್ರೇಮುಕ್ಕು ಉಳ್ಳೆಯಾ, ವೆಳಿಯೆಯಾ?" ಎಂದ. ಕಿಟಕಿಯ ಚೌಕಟ್ಟಿನ ಒಳಗೆ ಕೂರಬೇಕೋ, ಹೊರಗೆ ಗೋಡೆಯ ಮೇಲೋ ಎಂದು ಅವನ ಪ್ರಶ್ನೆ. ಒಳಗೆ, ಅಚ್ಚುಕಟ್ಟಾಗಿ ಎಂದೆ. "ನಾಂಗಳೇ ವಂದು ಅಳವು ಎಡುತ್ತುಕ್ಕಿರೋಂ ಸಾರ್" ಎಂದು ಅವನು ತಾವೇ ಬಂದು ಅಳೆಯುವುದಾಗಿ ವಿನಯದಿಂದ ಹೇಳಿದ. ನಾನು ಅವನನ್ನು ನೋಡಿದ ನೋಟಕ್ಕೆ, ಪಾಪ, ಎರಡು ಹೆಜ್ಜೆ ಹಿಂದೆ ಸರಿದ. ಅಳತೆಯೂ ಬೇಡ, ಕೂರಿಸುವವರೂ ಬೇಡ, ಮಾಡಿಕೊಟ್ಟರೆ ಸಾಕು ಎಂದು ಬಂದೆ.

ವಾರದಲ್ಲಿ ಉದ್ದನೆಯ ಪೆಟ್ಟಿಗೆ ಬಂತು. ಬೂದಿ ಬಣ್ಣದ ನುಣುಪು ಬಟ್ಟೆ. ಅವ್ವ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿದಳು, ಬೆಳಕಿಗೆ ಹಿಡಿದಳು, ಅಂಚಿನಿಂದ ಒಂದು ಎಳೆ ಬಿಡಿಸಲು ನೋಡಿದಳು. ಎಳೆ ಬರಲಿಲ್ಲ. "ಇದ್ರಾಗೆ ಆಸು ಯಾವ್ದು, ಒಕ್ಕು ಯಾವ್ದು?" ಎಂದಳು. ಉದ್ದ ನೂಲು, ಅಡ್ಡ ನೂಲು ಬೇರೆಬೇರೆಯಾಗಿ ಕಾಣದ ಬಟ್ಟೆಯನ್ನು ನಮ್ಮವರು ಬಟ್ಟೆ ಎಂದು ಒಪ್ಪುವುದಿಲ್ಲ. ಒಪ್ಪದಿದ್ದರೂ, ಹೊಸ ಬಟ್ಟೆ ಮನೆಗೆ ಬಂದ ಮೇಲೆ ಶಾಸ್ತ್ರ ಬಿಡಲಾದೀತೇ? ಒಳಗಿನಿಂದ ಅರಿಶಿನ ತಂದು ಕೆಳಗಿನ ಮೂಲೆಗೆ ಹೆಬ್ಬೆಟ್ಟಿನಷ್ಟು ಹಚ್ಚಿಯೇಬಿಟ್ಟಳು. ಕಲೆ ಮಾಡಿದರೆ ಗ್ಯಾರಂಟಿ ಇಲ್ಲವೆಂದು ಚೀಟಿಯಲ್ಲಿ ಬರೆದಿತ್ತು, ನಾನು ಅದನ್ನು ಮಡಿಸಿ ಜೇಬಿಗಿಟ್ಟೆ.

"ತೊಳದ್ರೆ ಎಷ್ಟ್ ಕುಗ್ತೈತೆ?" ಎಂದು ಅವ್ವ ಕೇಳಿದಳು.

"ಇದು ಕುಗ್ಗೋದೇ ಇಲ್ಲವ್ವ" ಎಂದು ಹೆಮ್ಮೆಯಿಂದ ಹೇಳಿದೆ. ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಚೀಟಿಗೆ ಸೇರಿಸಿದ್ದ ಬೆರಳುಗಳು ನೆನಪಾದವು.

"ಸೀರೆ ಕುಗ್ತೈತೆ, ಮನ್ಸ ಕುಗ್ತಾನೆ. ಇದು ಕುಗ್ಗಲ್ಲ ಅಂದ್ರೆ ಯಾವ್ ಸೀಮೆ ಬಟ್ಟೆಲಾ ಇದು?" ಎನ್ನುತ್ತಿದ್ದಳು ಅವ್ವ. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಸುರುಳಿಯನ್ನು ಎತ್ತಿ ಚೌಕಟ್ಟಿಗೆ ಹಿಡಿದೆ. ಒಂದು ತುದಿ ಒಳಗೆ ಹೋದರೆ ಇನ್ನೊಂದು ಹೊರಗೆ. ಓರೆಯಾಗಿ ತೂರಿಸಿದೆ, ನಿಂತು ನೋಡಿದೆ, ಕೂತು ನೋಡಿದೆ, ಒಂದು ತುದಿಯನ್ನು ಅಂಗೈಯಿಂದ ಗುದ್ದಿದೆ. ಸರಿಯಾಗಿ ನಾಲ್ಕು ಬೆರಳು ಜಾಸ್ತಿ. ಸರಸ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಬಯ್ಯಲಿಲ್ಲ, ನಗಲಿಲ್ಲ. "ಇಂಚು ಸಾರ್" ಎಂದು ಮೆಲ್ಲಗೆ ಅಂದು ಒಳಗೆ ಹೋದಳು. ಆ ಹೆಸರು ಅವಳಿಗೂ ಗೊತ್ತಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಒಳಗೆ ಕೂರದಿದ್ದರೆ ಹೊರಗೆ, ಕಿಟಕಿಯ ಮೇಲಿನ ಗೋಡೆಗೆ. ಅಂಗಡಿಯವರನ್ನು ಕರೆಯಲು ಮುಖವಿಲ್ಲ. ಆದ್ದರಿಂದ ನಲ್ಲಂಪಳ್ಳಿಯಿಂದ ಸರಸನ ತಮ್ಮ ಮುನಿರಾಜುವನ್ನು ಕರೆಸಿದೆವು. ಅವನು ಆ ಕಡೆಯ ತೋಟಗಳಿಗೆ ಹನಿ ನೀರಾವರಿ ಪೈಪು ಹಾಕುವವನು. ಅವನ ಬಳಿ ಡ್ರಿಲ್ಲಿಂಗ್ ಮಿಷನ್ ಇದೆ. ಬಂಡೆಯನ್ನೂ ಕೊರೆಯುತ್ತದೆ ಎಂದು ಅವನ ಹೆಮ್ಮೆ. ನಮ್ಮ ಗೋಡೆ ಬಂಡೆಯಲ್ಲ, ಅಜ್ಜನ ಕಾಲದ ಗಾರೆ. ಮಿಷನ್ ಗುಡುಗಿದೊಡನೆ ಹಿಡಿ ಹಿಡಿಯಾಗಿ ಉದುರಿತು. "ಬಾವ, ಇದು ಗ್ವಾಡೆ ಅಲ್ಲ, ರವೆ ಉಂಡೆ. ಮುಟ್ಟಿದ್ರೆ ಪುಡಿ ಆಯ್ತೈತೆ" ಎಂದು ಅವನು ಮೂಗಿನ ತುದಿಯವರೆಗೂ ಬೆಳ್ಳಗಾಗಿ ಏಣಿಯಿಂದ ಇಳಿದ. ಮೊದಲಿನ ಆ ಎರಡು ತೂತುಗಳೇ ನಾನು ಆಗಲೇ ಹೇಳಿದ ನಿಂಬೆಹಣ್ಣಿನವು. ಆಮೇಲೆ ಸ್ವಲ್ಪ ಮೇಲೆ, ಸ್ವಲ್ಪ ಪಕ್ಕಕ್ಕೆ, ಇನ್ನೂ ಸ್ವಲ್ಪ ಪಕ್ಕಕ್ಕೆ ಎಂದು ಗೋಡೆಯಲ್ಲೆಲ್ಲ ಅಲೆದು, ಕೊನೆಗೆ ಮರದ ಗೂಟ ಬಡಿದು ಅದಕ್ಕೆ ಸ್ಕ್ರೂ ಕೂರಿಸಿದ.

ಸುರುಳಿ ಏರಿತು. ಆದರೆ ಸೊಟ್ಟಗೆ ಕಂಡಿತು. ಮುನಿರಾಜು ಒಪ್ಪಲಿಲ್ಲ. ತನ್ನ ಕೈಚೀಲದಿಂದ ಪಾರದರ್ಶಕ ಟ್ಯೂಬು ತೆಗೆದು, ನೀರು ತುಂಬಿ, ಒಂದು ತುದಿ ನನ್ನ ಕೈಗೆ, ಇನ್ನೊಂದು ತನ್ನ ಕೈಗೆ ಹಿಡಿದು ಮಟ್ಟ ನೋಡಿದ. ಎರಡೂ ಕಡೆ ನೀರು ಒಂದೇ ಎತ್ತರ. "ನೀರು ಸುಳ್ಳೇಳ್ತೈತಾ ಬಾವ? ಸುರುಳಿ ನೆಟ್ಟಗೈತೆ. ನಿಮ್ಮನೇನೇ ಸೊಟ್ಟಗೈತೆ" ಎಂದ. ನಾವು ನಾಲ್ವರೂ ದೂರ ನಿಂತು ನೋಡಿದೆವು. ಹೌದು. ಅಜ್ಜನ ಕಾಲದಿಂದ ಇದ್ದ ಮನೆ ಎಡಕ್ಕೆ ವಾಲಿದೆ, ಕಿಟಕಿಯೂ ಅದರ ಜೊತೆಗೇ ವಾಲಿದೆ. ನೆಟ್ಟಗಿದ್ದದ್ದು ಮನೆಯಲ್ಲಿ ಆ ಒಂದೇ ವಸ್ತು, ಅದಕ್ಕೇ ಸೊಟ್ಟಗೆ ಕಾಣುತ್ತಿತ್ತು. "ಮನೇ ಜೊತೆ ಒಂದ್ಕೊಂಡು ಓಗ್ಬೇಕಪ್ಪ, ಅದನ್ನೂ ವಸಿ ವಾಲ್ಸು" ಎಂದು ಅವ್ವ ತೀರ್ಪು ಕೊಟ್ಟಳು. ಬಲಗಡೆ ರಟ್ಟು ಮಡಿಸಿ ತುರುಕಿ ಸುರುಳಿಯನ್ನು ಮನೆಯ ರೀತಿಗೆ ತಂದೆವು. ಮುನಿರಾಜು ಊಟ ಮಾಡಿ, ತಲೆಯ ಗಾರೆ ಕೊಡವಿಕೊಂಡು, ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದ.

ಕೂರಿಸುವುದಕ್ಕಿಂತ ದೊಡ್ಡ ಕಷ್ಟ ಹೊಂದಿಸುವುದು. ಮಣಿಸರದ ಒಂದು ಎಳೆ ಜಗ್ಗಿದರೆ ಏರುತ್ತದೆ, ಇನ್ನೊಂದು ಜಗ್ಗಿದರೆ ಇಳಿಯುತ್ತದೆ. ಯಾವುದು ಯಾವುದೆಂದು ಇವತ್ತಿನವರೆಗೆ ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಎರಡನೆಯ ದಿನವೇ ಅವ್ವ ಬೀದಿ ನೋಡೋಣವೆಂದು ಸರ ಜಗ್ಗಿದಳು. ಅದು ಸರ್ರನೆ ಪೂರ್ತಿ ಇಳಿದು, ನಾನು ಧಾರಾಳವಾಗಿ ಸೇರಿಸಿದ್ದ ಅರ್ಧ ಮೊಳವೂ ಬಿಚ್ಚಿಕೊಂಡು, ಮದುಮಗಳ ಸೆರಗಿನಂತೆ ನೆಲದ ಮೇಲೆ ಬಿದ್ದಿತು. ಅವ್ವ ಬೆಚ್ಚಿಬಿದ್ದಳು. ನಾನು ಸಂಜೆ ಬಂದು ಕಟ್ಟುನಿಟ್ಟಾಗಿ ಹೇಳಿದೆ: "ಅವ್ವ, ನೀನು ಇದನ್ನ ಮುಟ್ಲೇಬ್ಯಾಡ. ನಾನು ಬೆಳಿಗ್ಗೆ ಇಳಿಸಿ ಓಗ್ತೀನಿ. ಕಣ್ಣಿಗೆ ಒಳ್ಳೇದು."

"ಸರಿ ಬುಡಪ್ಪ" ಎಂದಳು.

ಅವತ್ತಿನಿಂದ ಅವ್ವ ಅದೇ ಕುರ್ಚಿಯಲ್ಲಿ, ಅದೇ ಕಡೆಗೆ ಮುಖ ಮಾಡಿ, ಬೂದಿ ಬಣ್ಣದ ಬಟ್ಟೆಯನ್ನು ನೋಡುತ್ತಾ ಕೂತಿರುತ್ತಿದ್ದಳು. ನೋಡಿದರೆ ನನಗೂ ಸ್ವಲ್ಪ ಚುರುಕ್ ಅನ್ನುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವಳು ಕೂತಲ್ಲಿಂದಲೇ, "ಊವಿನೋಳು ಬಂದ್ಲು. ಅವಳ ಚಪ್ಲಿ ಕಿತ್ತೋಗೈತೆ, ಪಟಪಟ ಅಂತೈತೆ ಕೇಳು" ಎನ್ನುವಳು. ನೋಡಿದರೆ ನಿಜವಾಗಿಯೂ ಕಿತ್ತಿರುತ್ತಿತ್ತು. ಸದ್ದಿನಲ್ಲೇ ಇಷ್ಟು ತಿಳಿಯುವವಳಿಗೆ ಕಿಟಕಿ ಇದ್ದರೇನು, ಇಲ್ಲದಿದ್ದರೇನು ಎಂದು ಸಮಾಧಾನ ಮಾಡಿಕೊಂಡೆ. ತನಗೆ ಅನುಕೂಲವಾದ ಸಮಾಧಾನ ಹುಡುಕುವುದರಲ್ಲಿ ಮನುಷ್ಯನನ್ನು ಮೀರಿಸುವ ಪ್ರಾಣಿ ಇಲ್ಲ.

ಇದೇ ಹೊತ್ತಿಗೆ ಇನ್ನೊಂದು ಅನಾಹುತ ಶುರುವಾಯಿತು. ಕಾಫಿ ಕೆಟ್ಟಿತು. ರುಚಿ ಕೆಡಲಿಲ್ಲ, ಹೊತ್ತು ಕೆಟ್ಟಿತು. ನಾನು ಚಪ್ಪಲಿ ಬಿಟ್ಟು ಕೈ ಚಾಚಿದರೆ ಸ್ಟೂಲು ಖಾಲಿ. "ಬಂದ್ರಾ? ಇರಿ, ಆಲು ಇಡ್ತೀನಿ" ಎಂಬ ದನಿ ಅಡುಗೆಮನೆಯಿಂದ. ಒಂದು ದಿನ, ಎರಡು ದಿನ, ಒಂದು ವಾರ. ಇಪ್ಪತ್ತೆಂಟು ವರ್ಷದ ಅಭ್ಯಾಸ ನೋಡಿ, ಕುರ್ಚಿಯಲ್ಲಿ ಕೂತವನಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ನಾನು ತನಿಖೆಗಿಳಿದೆ. ಹಾಲು ತಡವಾಗಿ ಬರುತ್ತಿದೆಯೇ ಎಂದು ನೋಡಿದೆ, ಇಲ್ಲ. ಗ್ಯಾಸಿನ ಉರಿ ಸಣ್ಣಗಾಗಿದೆಯೇ ಎಂದು ಬಗ್ಗಿ ನೋಡಿ ಹುಬ್ಬು ಸುಟ್ಟುಕೊಂಡೆ. ಗೋಡೆ ಗಡಿಯಾರಕ್ಕೆ ಹೊಸ ಬ್ಯಾಟರಿ ಹಾಕಿದೆ. ಕೊನೆಗೆ, ಹೆಂಡತಿಗೆ ನನ್ನ ಮೇಲಿನ ಅಕ್ಕರೆ ಕಮ್ಮಿಯಾಗಿದೆ ಎಂಬ ತೀರ್ಮಾನಕ್ಕೆ ಬಂದು, ಅದನ್ನು ಬಾಯಿಬಿಟ್ಟು ಹೇಳುವ ಮೂರ್ಖತನವನ್ನೂ ಮಾಡಿದೆ.

ಸರಸ ಸೊಂಟಕ್ಕೆ ಕೈಯಿಟ್ಟು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಅವ್ವನ ಕಡೆ ನೋಡಿದಳು, ಬಾಯಿ ಮುಚ್ಚಿದಳು. "ಅಷ್ಟೊಂದಿದ್ರೆ ಬಸ್ಸಿಂದ್ಲೇ ಫೋನ್ ಮಾಡ್ರಿ" ಎಂದಳು. ಮಾರನೆಯ ದಿನ ಮಾಡಿದೆ. "ಇನ್ನೇನು ಇಳೀತೀನಿ" ಎಂದೆ, ಅಷ್ಟರಲ್ಲಿ ಮುಂದೊಂದು ಲಾರಿ ಅಡ್ಡ ನಿಂತು ಬಸ್ಸು ಅಲ್ಲೇ ಅರ್ಧ ಗಂಟೆ ನಿಂತಿತು. ಮನೆಗೆ ಬಂದಾಗ ಕಾಫಿಯ ಮೇಲೆ ದಪ್ಪ ಕೆನೆ ಕಟ್ಟಿತ್ತು. ಕುಡಿದೆ. ಅದನ್ನು ಕುಡಿಯುವಾಗ ನನ್ನ ಮುಖ ನೋಡಿ ಅವ್ವ ಸೆರಗು ಅಡ್ಡ ಹಿಡಿದು ನಕ್ಕಳು. ಯಾಕೆಂದು ಆಗ ತಿಳಿಯಲಿಲ್ಲ.

ಹೀಗೆ ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅವಸರದಲ್ಲಿ ಸರ ಜಗ್ಗಿದೆ, ಕಟಕ್ ಎಂದಿತು. ಸುರುಳಿ ಅರ್ಧ ಕಿಟಕಿಗೆ ನಿಂತು, ಏರಲೂ ಒಲ್ಲದು, ಇಳಿಯಲೂ ಒಲ್ಲದು. ಬಸ್ಸಿನ ಹೊತ್ತಾಗಿತ್ತು, ಸಂಜೆ ನೋಡೋಣವೆಂದು ಓಡಿದೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟೆ. ಸ್ಟೂಲಿನ ಮೇಲೆ ಕಾಫಿ. ಹೊಗೆಯಾಡುತ್ತಿತ್ತು.

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಒಂದು ಗುಟುಕು ಕುಡಿದು, "ಸರಸ, ನೀನು ಮನಸ್ಸು ಮಾಡಿದ್ರೆ ಆಗ್ತದೆ ನೋಡು. ನಾನು ಬರೋದು ನಿನಗೆ ಹೆಂಗೆ ಗೊತ್ತಾಯ್ತು?" ಎಂದೆ.

"ನನ್ಗೇನ್ ಕನಸು ಬೀಳ್ತೈತಾ? ಅತ್ತೆ ಏಳಿದ್ರು."

"ಏನಂತ?"

"'ಬಂದ' ಅಂತ. ಇನ್ನೇನಂತಾರೆ? ನಾನು ಈ ಮನೆಗೆ ಬಂದಾಗಿಂದ ದಿನಾ ಅನ್ನೋದೇ. ನೀವು ಬೀದಿ ಮೂಲೇಲಿ ಪಿಳ್ಳೆಯಾರ್ ಗುಡಿ ತಾವ ತಿರುಗ್ತಿದ್ದಂಗೆ 'ಬಂದ' ಅಂತಾರೆ, ನಾನು ಆಲು ಇಡ್ತೀನಿ. ನೀವು ಚಪ್ಲಿ ಬಿಡೋ ಒತ್ಗೆ 'ಬಂದ' ಅಂದಿದ್ದು ಕಾಫಿ ಆಗಿರ್ತೈತೆ."

ನಾನು ಲೋಟ ಕೆಳಗಿಟ್ಟೆ. "ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ? ನಾನು ಗಡಿಯಾರಕ್ಕೆ ಬ್ಯಾಟರಿ ಹಾಕ್ತಿದ್ರೆ ಸುಮ್ನೆ ನೋಡ್ತಿದ್ಯಲ್ಲ!"

"ಏಳ್ಬ್ಯಾಡ ಅಂದ್ರು. 'ನನ್ ಕಣ್ಗೋಸ್ಕರ ಆಸೆಪಟ್ಟು ಆಕ್ಸವ್ನೆ, ಮನ್ಸು ನೋಯಿಸ್ಬ್ಯಾಡ' ಅಂದ್ರು. ನಿಮ್ ಕೈಲಿ ಬಯ್ಸ್ಕೊಂಡಿದ್ದು ನಾನು."

ಅವ್ವ ಅರ್ಧ ತೆರೆದ ಕಿಟಕಿಯ ಪಕ್ಕ, ಇವರು ಯಾರ ವಿಷಯ ಮಾತಾಡುತ್ತಿದ್ದಾರೋ ಎಂಬಂತೆ ಬೀದಿ ನೋಡುತ್ತಾ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಪೊರೆ ಬಂದು ಏನೂ ಕಾಣದಿದ್ದ ದಿನಗಳಲ್ಲಿಯೂ ಕಾಫಿ ಬಿಸಿಯಾಗಿಯೇ ಇತ್ತಲ್ಲ, ಆಗ ಹೇಗೆ ಎಂದು ಕೇಳಿದೆ.

"ನಿನ್ನ ಕಂಡುಡಿಯಾಕೆ ಕಣ್ಯಾಕ್ಲಾ ಬೇಕು? ಈ ಬೀದ್ಯಾಗೆ ಎಡಕ್ಕೆ ವಾಲ್ಕಂಡು ಬರೋನು ನೀನೊಬ್ನೇ. ನಿಮ್ಮಪ್ಪನೂ ಅಂಗೇ ಬರ್ತಿದ್ದ" ಎಂದಳು. ನಾನು ಇಷ್ಟು ವರ್ಷ ಬಹಳ ನೆಟ್ಟಗೆ ನಡೆಯುತ್ತೇನೆಂದು ನಂಬಿದ್ದೆ. ಆಮೇಲೆ ಅವಳೇ ಅಂದಳು: "ಮಂಜಾಗಿ ಆಳು ಮಾತ್ರ ಕಾಣ್ತಿತ್ತು, ಮಕ ಕಾಣ್ತಿರ್ಲಿಲ್ಲ. ಕಣ್ಣು ಕುಯ್ಸಿದ್ ಮ್ಯಾಲೆ ಗುಡಿ ತಾವ್ಲಿಂದ್ಲೇ ಮಕ ಕಾಣ್ತೈತೇನೋ ನೋಡಾನ ಅನ್ಕಂಡಿದ್ದೆ. ಅಷ್ಟೊತ್ಗೆ ನೀನು ಸುರುಳಿ ತಂದೆ. ಕಣ್ಣು ತೆರ್ಸಿದೋನೂ ನೀನೇ, ಕಿಟ್ಕಿ ಮುಚ್ಚಿದೋನೂ ನೀನೇ." ಹೇಳಿ ನಕ್ಕಳು. ಅವಳ ನಗುವಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನನಗೆ ಅಳು ಬಂತು. ಕಾಫಿ ಬಹಳ ಬಿಸಿಯಿದೆ ಎಂದು ಯಾರೂ ಕೇಳದಿದ್ದರೂ ಹೇಳಿ ಕಣ್ಣೊರೆಸಿಕೊಂಡೆ.

ಅವ್ವನ ಕಣ್ಣು ತೋರಿಸಲು ಆ ವಾರವೇ ಹೋದಾಗ ಡಾಕ್ಟರು, "ಬಿಸಿಲಿನ ಭಯ ಇನ್ನಿಲ್ಲ" ಎಂದರು. ಹಾಗಾದರೆ ಸುರುಳಿಯನ್ನೇ ತೆಗೆದುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೆಗೆದರೆ ಅದರ ಹಿಂದಿನ ಇನ್ನೂ ಆರು ತೂತುಗಳು ಕಾಣುತ್ತವೆ. ಆದ್ದರಿಂದ ಭಾನುವಾರ ಮತ್ತೆ ಟೇಪು ಹಿಡಿದೆ. ಈ ಸಲ ಕಿಟಕಿಯನ್ನಲ್ಲ, ಅವ್ವನನ್ನು ಅಳೆದೆ. ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಅವಳ ಕಣ್ಣಿನವರೆಗೆ. ಸರಸ ಪಿಳ್ಳೆಯಾರ್ ಗುಡಿಯ ಮೂಲೆಗೆ ಹೋಗಿ ನನ್ನ ಬದಲಿಗೆ ನಿಂತಳು. "ಯಾಕೆ ಅಕ್ಕ ಇಲ್ಲಿ ನಿಂತಿದ್ದೀರ?" ಎಂದು ಹೋಗುವವರೆಲ್ಲ ಕೇಳಿದರಂತೆ, "ಸ್ಕ್ರೀನ್ ಅಳತೆಗೆ" ಎಂದಳಂತೆ. ಅವರು ಮುಂದೆ ಕೇಳಲಿಲ್ಲವಂತೆ. ನಾನು ಸಿಕ್ಕಿಕೊಂಡಿದ್ದ ಮಣಿಸರ ಬಿಡಿಸಿ, ಸುರುಳಿಯನ್ನು ಪೂರ್ತಿ ಇಳಿಸಿ, ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋದೆ. "ಕಾಲು ಕಾಣ್ತೈತೆ... ಸೊಂಟ ಕಾಣ್ತೈತೆ... ಆ, ಮಕ ಕಾಣ್ತೈತೆ, ಬೈತಾವ್ಳೆ" ಎಂದಳು ಅವ್ವ. ಅಲ್ಲಿಗೆ ನಿಲ್ಲಿಸಿದೆ. ಸರಿಯಾದ ಅಳತೆ, ಒಂದು ಕೂದಲಿನಷ್ಟೂ ಹೆಚ್ಚುಕಮ್ಮಿ ಇಲ್ಲ. ಅರಿಶಿನದ ಗುರುತು ಕಿಟಕಿಯ ಅಡ್ಡಪಟ್ಟಿಗೆ ನೇರವಾಗಿ ಬಂದಿತ್ತು.

"ಎಲ್ಡು ಬೆರಳು ಜಾಸ್ತಿ ಎತ್ತು" ಎಂದಳು ಅವ್ವ.

"ಯಾಕವ್ವ?"

"ನೇತಾಕಿದ್ ಬಟ್ಟೆ ಜಗ್ತೈತೆ."

ಇದು ಜಗ್ಗುವ ಬಟ್ಟೆಯಲ್ಲ ಎನ್ನಲು ಹೊರಟೆ. ಆ ಕಿಟಕಿಯ ವಿಷಯದಲ್ಲಿ ವಾದಿಸುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ಎರಡು ಬೆರಳು ಎತ್ತಿ, ಅಪ್ಪನ ಪೆಟ್ಟಿಗೆಯಲ್ಲಿದ್ದ ಹಳೇ ನೂಲಿನಿಂದ ಮಣಿಸರವನ್ನು ಸರಳಿಗೆ ಕಟ್ಟಿಬಿಟ್ಟೆ. ನಮ್ಮ ಗಂಟು, ಸುಲಭಕ್ಕೆ ಬಿಚ್ಚುವುದಲ್ಲ.

ಈಗ ಸಂಜೆ ನಾನು ಗುಡಿ ತಿರುಗಿದೊಡನೆ ಅವ್ವ "ಬಂದ" ಎನ್ನುತ್ತಾಳೆ, ಕಾಫಿ ಬಿಸಿಯಾಗಿರುತ್ತದೆ. ಒಂದೇ ತೊಂದರೆ. ಆ ಎರಡು ಬೆರಳಿನ ಸಂದಿಯಲ್ಲಿ ನುಗ್ಗುವ ಬಿಸಿಲು ಪಡಸಾಲೆಯನ್ನೆಲ್ಲ ದಾಟಿ, ಫ್ಯಾನಿನ ಕೆಳಗಿರುವ ನನ್ನ ಕುರ್ಚಿಯಲ್ಲಿ, ಸರಿಯಾಗಿ ನನ್ನ ಕಣ್ಣಿಗೆ ಬಂದು ಕೂರುತ್ತದೆ. ಗಂಟು ಬಿಚ್ಚುವಂತಿಲ್ಲ, ಫ್ಯಾನು ಸರಿಸುವಂತಿಲ್ಲ. ಹಾಗಾಗಿ ದೇವರ ಗೂಡಿನ ಪಕ್ಕದಲ್ಲಿ ಬಿದ್ದಿದ್ದ ಅವ್ವನ ಕಪ್ಪು ಕನ್ನಡಕ ಹಾಕಿಕೊಂಡು ಕಾಫಿ ಕುಡಿಯುತ್ತೇನೆ. ಮೊನ್ನೆ ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ಸಂಘದ ನೇಕಾರನೊಬ್ಬ ಇದನ್ನು ನೋಡಿ ಕಿಟಕಿಯ ಬಳಿ ನಿಂತು, "ಪಾಟಿ, ಸಾರುಕ್ಕುಂ ಕಣ್ಣು ಆಪರೇಷನಾ?" ಎಂದು, ನನಗೂ ಆಪರೇಷನ್ ಆಯಿತೇ ಎಂದು ಅವ್ವನನ್ನು ಕೇಳಿದ. ಅವ್ವ ಅವನನ್ನು ನಿಲ್ಲಿಸಿಕೊಂಡು, ನಾಲ್ಕು ಬೆರಳಿನಿಂದ ಹಿಡಿದು ಎಂಟು ತೂತಿನವರೆಗೆ ಒಂದನ್ನೂ ಬಿಡದೆ ಹೇಳಿದಳು.

ಮಾರನೆಯ ದಿನ ಅವನೇ ನನ್ನ ಮೇಜಿಗೆ ಸೀರೆ ತಂದ. ಅಳೆದೆ. ಒಂದು ಇಂಚು ಕಮ್ಮಿ. ಮೂಗು ಮುರಿಯಲು ಸಿದ್ಧನಾಗಿ ತಲೆಯೆತ್ತಿದೆ. ಅವನು ಬಹಳ ಮರ್ಯಾದೆಯಿಂದ, "ವೀಟ್ಟುಲೆ ಸ್ಕ್ರೀನ್ ಎಪ್ಪಡಿ ಇರುಕ್ಕು ಸಾರ್?" ಎಂದು ನಮ್ಮ ಮನೆಯ ಸ್ಕ್ರೀನಿನ ಕ್ಷೇಮ ವಿಚಾರಿಸಿದ.

ಸೀರೆಯನ್ನು ಮಡಿಸಿ ಒಳಗಿಟ್ಟುಕೊಂಡೆ.